ಗಾಜಿನ ಮೇಲಿನ ನಲವತ್ತೊಂದು ಗುರುತು

ಬಾಗಿಲು ತೆಗೆದಾಗ ಎದುರಿಗೆ ನಿಂತಿದ್ದ ಹೆಂಗಸು ನನ್ನನ್ನು ಸರಿಯಾಗಿ ನೋಡಲೂ ಇಲ್ಲ. ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ, "ಅಮ್ಮ ಇದಾರಾ?" ಎಂದಳು.

ನನಗಿದು ಹೊಸದಲ್ಲ. ಹದಿನೈದು ದಿನ ಇದ್ದು ಹೋಗುತ್ತೇನೆಂದು ಬಂದ ನನ್ನ ಅತ್ತೆ ನಮ್ಮ ಮನೆಯಲ್ಲಿ ನೆಲೆಸಿ ಒಂಬತ್ತು ವರ್ಷವಾಗಿತ್ತು. ಆ ಒಂಬತ್ತು ವರ್ಷಗಳಲ್ಲಿ ನಮ್ಮ ಮನೆಯ ಗಂಟೆ ಒತ್ತಿದವರಲ್ಲಿ ಮುಕ್ಕಾಲು ಪಾಲು ಜನ ಅವರನ್ನೇ ಹುಡುಕಿಕೊಂಡು ಬಂದವರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರವರ ಮಾತನ್ನು ಊರವರಿಗೆ ಜೋಡಿಸಿ ನಿವೃತ್ತರಾದ ಅತ್ತೆಗೆ, ಕಳೆದುಹೋದ ಸರದಿಂದ ಹಿಡಿದು ಓಡಿಹೋದ ಗಂಡನವರೆಗೆ ಏನನ್ನು ಹುಡುಕಿಕೊಡಲೂ ಬೇಸರವಿರಲಿಲ್ಲ. ನಾನು ಕನ್ನಡಕದ ಅಂಗಡಿಯವನು. ಊರಿನ ಕಣ್ಣು ಸರಿಮಾಡುವುದು ನನ್ನ ಕಸುಬಾದರೂ ನಮ್ಮ ಮನೆಯಲ್ಲಿ ಏನಾದರೂ ಕಾಣುವುದು ಅತ್ತೆಗೆ ಮಾತ್ರ ಎಂದು ನನ್ನ ಹೆಂಡತಿ ಬಂದವರೆದುರೆಲ್ಲ ಹೇಳುತ್ತಾಳೆ. ಸುಳ್ಳಲ್ಲ, ಆದ್ದರಿಂದಲೇ ಸಿಟ್ಟು ಬರುತ್ತದೆ.

ಬಂದವಳಿಗೆ ಐವತ್ತರ ಮೇಲಾಗಿತ್ತು. ನರೆತ ಕೂದಲನ್ನು ಹಿಂದಕ್ಕೆ ಬಿಗಿದು ಗಂಟು ಹಾಕಿದ್ದಳು. ಕುರ್ಚಿಯ ತುದಿಯಲ್ಲಿ ಕೂತು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಉಗುರಿನ ಅಂಚಿನಲ್ಲೆಲ್ಲ ಕೆಂಪು ಪುಡಿ ಕೂತಿತ್ತು. ಆ ಪುಡಿ ನನಗೆ ಗೊತ್ತು. ಮಸೂರಗಳನ್ನು ನುಣುಪು ಮಾಡಲು ನಾನೂ ಬಳಸುತ್ತೇನೆ. ಎಷ್ಟು ತೊಳೆದರೂ ಹೋಗುವುದಿಲ್ಲ.

ನಮ್ಮ ರಸ್ತೆಯಾಚೆಗಿನ ಫೋನ್ ಕಾರ್ಖಾನೆಯಲ್ಲಿ ಆಕೆ ಗಾಜು ಉಜ್ಜುವ ವಿಭಾಗದ ಮುಖ್ಯಸ್ಥೆ. ಅಲ್ಲಿ ಎಲ್ಲರೂ ಆಕೆಯನ್ನು ಗಾಜಿನಕ್ಕ ಎನ್ನುತ್ತಾರಂತೆ. ಎರಡು ವರ್ಷದಿಂದ ಅವರು ಗುಂಡಿಗಳೇ ಇಲ್ಲದ ಒಂದು ಫೋನನ್ನು ತಯಾರಿಸುತ್ತಿದ್ದರು. ಆಗ ಫೋನ್ ಎಂದರೆ ಅರ್ಧ ಪರದೆ, ಅರ್ಧ ಗುಂಡಿ. ಇವರದ್ದು ಮುಂಭಾಗವೆಲ್ಲ ಒಂದೇ ಗಾಜು. ಆರು ಮಾದರಿಗಳು ಕೈಕೊಟ್ಟ ಮೇಲೆ ಏಳನೆಯದು ಚೆನ್ನಾಗಿ ನಡೆಯುತ್ತಿತ್ತು, ನಾಳೆ ಅದನ್ನು ವ್ಯಾಪಾರಿಗಳಿಗೆ ತೋರಿಸಬೇಕಿತ್ತು. ನಿನ್ನೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಯಾರೋ ಅದರೊಳಗಿನದನ್ನೆಲ್ಲ ಅಳಿಸಿಬಿಟ್ಟಿದ್ದರು. ಹನ್ನೆರಡು ದಿನದ ಕೆಲಸ ನೀರಿನಲ್ಲಿ ಹೋಮವಾಗಿತ್ತು. ಪರೀಕ್ಷಾ ಕೋಣೆಯ ಬಾಗಿಲ ಬಳಿಯ ಪುಸ್ತಕದಲ್ಲಿ ಆ ಹೊತ್ತಿಗೆ ಇದ್ದದ್ದು ಗಾಜಿನಕ್ಕನ ಸಹಿ ಒಂದೇ. ಮಾಲೀಕರು ಆಕೆಯನ್ನು ಯಂತ್ರಗಳ ನಡುವೆ ನಿಲ್ಲಿಸಿ, ನಲವತ್ತು ಜನರೆದುರು ಹೆಸರು ಹಿಡಿದು, ಮಾಡಿದವಳು ಇವಳೇ ಎಂದಿದ್ದರು. ಇಂದು ಸಂಜೆ ಐದಕ್ಕೆ ಕೆಲಸದಿಂದ ತೆಗೆದ ಕಾಗದ ಕೈಗೆ ಬರಲಿತ್ತು.

"ಇಪ್ಪತ್ತೆರಡು ವರ್ಷ ಗಾಜು ಉಜ್ಜಿದೀನಮ್ಮ," ಎಂದಳು ಗಾಜಿನಕ್ಕ. "ಕೆಲಸ ಹೋದ್ರೆ ಹೋಗ್ಲಿ, ಇನ್ನೊಂದು ಹುಡುಕ್ತೀನಿ. ಆದ್ರೆ ಕೈಯಾರೆ ಮಾಡಿದ್ದನ್ನ ಕೈಯಾರೆ ಹಾಳು ಮಾಡಿದವಳು ಅನ್ನೋ ಹೆಸರು ಹೊತ್ಕೊಂಡು ಆ ಬಾಗಿಲು ದಾಟೋಕೆ ನನ್ನ ಕೈಲಾಗಲ್ಲ."

ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮನ್ನೇ ಅನುಮಾನಿಸೋಕೆ ಮೊದಲೇ ಏನಾದ್ರೂ ಜಗಳ ಆಗಿತ್ತಾ?"

ಆಗಿತ್ತು. ಗಾಜಿನ ಬದಲು ಪ್ಲಾಸ್ಟಿಕ್ ಹಾಕೋಣವೆಂದು ಮಾಲೀಕರು ಹೊರಟಿದ್ದರು. ಜೇಬಿನಲ್ಲಿ ಬೀಗದ ಕೈ ಜೊತೆ ಬಿದ್ದರೆ ಪ್ಲಾಸ್ಟಿಕ್ ಮೈತುಂಬ ಗೀರಾಗುತ್ತದೆ, ಅಂಥದ್ದು ನನ್ನ ವಿಭಾಗದಿಂದ ಹೊರಗೆ ಹೋಗೋಕೆ ನಾನು ಬಿಡಲ್ಲ ಎಂದು ಆಕೆ ಮೊನ್ನೆ ಸಭೆಯಲ್ಲೇ ಹೇಳಿದ್ದಳು. ಈಗ ಆ ಮಾತೇ ಆಕೆಯ ಕೊರಳಿಗೆ ಉರುಳಾಗಿತ್ತು.

ಅತ್ತೆ ಚಪ್ಪಲಿ ಮೆಟ್ಟಿಕೊಂಡು, "ಅಳಿಯಂದಿರೇ, ಅಂಗಡಿಗೆ ಬೀಗ ಹಾಕಿ. ಭೂತಗನ್ನಡಿ ತಗೊಳ್ಳಿ," ಎಂದರು. ನನ್ನನ್ನು ಬಹುವಚನದಲ್ಲಿ ಕರೆಯುವುದು, ಕೆಲಸ ಮಾತ್ರ ಆಳಿಗೆ ಹೇಳಿದ ಹಾಗೆ ಹೇಳುವುದು, ಅದು ಅವರ ಪದ್ಧತಿ.

ಕಾರ್ಖಾನೆಯ ಮಾಲೀಕರು ನುಣ್ಣಗೆ ಬೋಳಾದ ತಲೆಯ, ಬೇಗ ಸಿಡುಕುವ ಮನುಷ್ಯ. ಅತ್ತೆಯನ್ನು ಒಳಗೆ ಬಿಟ್ಟದ್ದು ಹಳೆಯ ಋಣದಿಂದ. ಅವರ ಮದುವೆಯ ಮಾತುಕತೆ ನಡೆದ ದೂರದೂರಿನ ಟ್ರಂಕ್ ಕಾಲನ್ನು ಮೂರು ಬಾರಿ ಕಡಿದುಹೋದರೂ ಬಿಡದೆ ಕೂಡಿಸಿಕೊಟ್ಟವರು ಅತ್ತೆಯೇ ಅಂತೆ. "ಐದು ಗಂಟೆವರೆಗೆ ಏನು ಬೇಕೋ ನೋಡ್ಕೊಳ್ಳಿ," ಎಂದರು. "ಆದ್ರೆ ಅಂಗೈ ಹುಣ್ಣಿಗೆ ಕನ್ನಡಿ ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ."

ಅವರ ಪಕ್ಕದಲ್ಲೇ ನಿಂತಿದ್ದವನು ಅವರ ಭಾವಮೈದುನ, ಮಾರಾಟ ವಿಭಾಗದ ಮುಖ್ಯಸ್ಥ. ನಾಳೆ ವೇದಿಕೆ ಹತ್ತಿ ಫೋನನ್ನು ತೋರಿಸುವವನೂ ಅವನೇ. ಮುಖಕ್ಕೆ ನಲವತ್ತಾರು ವರ್ಷ, ಕೂದಲಿಗೆ ಇಪ್ಪತ್ತು. ಕಾಡಿಗೆಯಂಥ ಕಪ್ಪು ಕೂದಲನ್ನು ಎರಡೂ ಕಿವಿ ಮುಚ್ಚುವಂತೆ ಬಾಚಿದ್ದ. ಹಣೆಯಂಚಿನಲ್ಲಿ ಸಣ್ಣದೊಂದು ಕಪ್ಪು ಗೆರೆ ಉಳಿದುಕೊಂಡಿತ್ತು. ನನ್ನ ಕೂದಲು ಉದುರುವ ವೇಗ ನೋಡಿ ನನಗೆ ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. "ಪಾಪ, ವಯಸ್ಸಾದ ಹೆಂಗಸು, ಸಿಟ್ಟಲ್ಲಿ ಮಾಡ್ಬಿಟ್ರು. ಪೊಲೀಸ್ ಗಿಲೀಸ್ ಬೇಡ ಅಂತ ನಾನೇ ಭಾವನಿಗೆ ಹೇಳ್ದೆ," ಎಂದು ಅವನು ಅತ್ತೆಗೆ ಮೆಲ್ಲಗೆ ಹೇಳಿದ. ದೊಡ್ಡ ಮನಸ್ಸಿನವನು ಎಂದುಕೊಂಡೆ.

ಪರೀಕ್ಷಾ ಕೋಣೆ ಉದ್ದನೆಯ ಓಣಿಯ ಕೊನೆಗಿತ್ತು. ಬಾಗಿಲಿನ ಬೀಗಕ್ಕೆ ಅಂಕಿಗಳು. ಆ ಅಂಕಿ ಗೊತ್ತಿದ್ದವರು ಐದೇ ಜನ: ಮಾಲೀಕರು, ಅವರ ಭಾವಮೈದುನ, ಗಾಜಿನಕ್ಕ, ಮತ್ತೆ ಒಳಗೆ ಕೆಲಸ ಮಾಡುವ ಇಬ್ಬರು ಇಂಜಿನಿಯರುಗಳು. ಬಾಗಿಲ ಪಕ್ಕದ ಕಪಾಟಿನಲ್ಲಿ ಒಗೆದು ಮಡಿಸಿದ ಬಿಳಿ ಟೋಪಿಗಳು, ಅದರ ಕೆಳಗೆ ದಾರಕ್ಕೆ ಕಟ್ಟಿದ ಪೆನ್ನು, ಸಹಿಯ ಪುಸ್ತಕ. ಕೂದಲು, ತಲೆಹೊಟ್ಟು ಗಾಜಿನ ಪದರಗಳ ನಡುವೆ ಬೀಳಬಾರದೆಂದು ಕಿವಿಯನ್ನೂ ಮುಚ್ಚುವ ಟೋಪಿ. ಎಲ್ಲರೂ ಒಂದೊಂದು ತೆಗೆದುಕೊಂಡು, ಸಹಿ ಮಾಡಿ ಒಳಹೊಕ್ಕೆವು. ಹೊರಬರುವಾಗ ಟೋಪಿಯನ್ನು ಬುಟ್ಟಿಗೆ ಎಸೆಯುವುದಷ್ಟೇ, ಆಗ ಸಹಿ ಇಲ್ಲ. ನಿನ್ನೆಯ ಹಾಳೆಯಲ್ಲಿ ಒಂದು ಗಂಟೆಗೆ ಗಾಜಿನಕ್ಕನ ಸಹಿ ಇತ್ತು. ಅದರ ನಂತರದ್ದು ಎರಡೂ ಕಾಲಿಗೆ, ಇಬ್ಬರೂ ಇಂಜಿನಿಯರುಗಳದ್ದು. ತಾನು ಕಾಲು ಗಂಟೆಯಲ್ಲಿ ಗಾಜು ಒರೆಸಿ ಹೊರಟುಬಿಟ್ಟೆ, ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಬುತ್ತಿ ಬಿಚ್ಚಿದೆ ಎಂದು ಗಾಜಿನಕ್ಕ ಹೇಳಿದಳು. ನೋಡಿದವರು ಯಾರೂ ಇಲ್ಲ. ಉಳಿದ ನಾಲ್ವರೂ ಊಟದ ಮನೆಯಲ್ಲಿದ್ದೆವು ಎಂದರು. ಆದರೆ ನೂರು ಜನ ಎದ್ದು ಕೂರುವ ಕಡೆ ಯಾರು ಯಾರನ್ನು ಗಡಿಯಾರ ಹಿಡಿದು ಕಾಯುತ್ತಾರೆ?

ಒಳಗೆ ನಾನು ಆ ಫೋನನ್ನು ಮೊದಲ ಸಲ ನೋಡಿದೆ. ಏಳನೆಯದು ಖಾಲಿಯಾಗಿ ಮಲಗಿತ್ತು, ಆದ್ದರಿಂದ ಮೈಕಟ್ಟು ಅದರಂತೆಯೇ ಇದ್ದು, ಆಗಾಗ ಮಾತ್ರ ನಿಂತುಹೋಗುತ್ತಿದ್ದ ಆರನೆಯದನ್ನು ನನ್ನ ಕೈಗೆ ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಐದು ನಿಮಿಷ ನಾನು ಬಂದ ಕೆಲಸವನ್ನೇ ಮರೆತೆ. ಕೆಳಗಿನ ಪಟ್ಟಿಯನ್ನು ಬೆರಳಿನಿಂದ ಬದಿಗೆ ಸರಿಸಿದರೆ ಬೀಗ ತೆರೆಯುತ್ತಿತ್ತು. ಹೆಸರುಗಳ ಪಟ್ಟಿಯನ್ನು ತಳ್ಳಿದರೆ ಅದು ಓಡಿ, ಕೊನೆ ಮುಟ್ಟಿ, ಸ್ವಲ್ಪ ಪುಟಿದು ನಿಲ್ಲುತ್ತಿತ್ತು. ಒಂದು ಚಿತ್ರದ ಮೇಲೆ ಎರಡು ಬೆರಳಿಟ್ಟು ಅಗಲಿಸಿದರೆ ಚಿತ್ರವೂ ಅಗಲವಾಗುತ್ತಿತ್ತು. ಫೋನನ್ನು ಅಡ್ಡ ಹಿಡಿದರೆ ಚಿತ್ರವೂ ಅಡ್ಡಕ್ಕೆ ಹೊರಳುತ್ತಿತ್ತು. ಇಡೀ ಜೀವಮಾನ ಗಾಜಿನ ಮೂಲಕ ನೋಡುವುದನ್ನು ಜನರಿಗೆ ಕಲಿಸಿದ ನನಗೆ, ಗಾಜೇ ನನ್ನ ಬೆರಳನ್ನು ನೋಡುತ್ತದೆ ಎನ್ನುವುದು ನಂಬಲಾಗಲಿಲ್ಲ. ನನ್ನ ಕಣ್ಣು ಒದ್ದೆಯಾಯಿತು. ಅತ್ತೆ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡರು.

ಇಂಜಿನಿಯರುಗಳಲ್ಲಿ ಒಬ್ಬಳು ಪರದೆಯ ಮೇಲೆ ಮೂಡುವ ಅಕ್ಷರಗಳ ಕೀಲಿಮಣೆಯನ್ನು ಮಾಡಿದವಳು. ಜಡೆಯನ್ನು ಎತ್ತಿ ಕಟ್ಟಿ, ಟೋಪಿಯೊಳಗೆ ತುರುಕಿದ್ದಳು. ದಪ್ಪ ಬೆರಳು ಎರಡು ಅಕ್ಷರಗಳ ನಡುವೆ ಬಿದ್ದರೆ, ಬೇಕಾದದ್ದು ಯಾವುದೆಂದು ಊಹಿಸುವುದನ್ನು ಆಕೆ ಫೋನಿಗೆ ಕಲಿಸುತ್ತಿದ್ದಳು. ಇನ್ನೊಬ್ಬ ಮೋಟು ನರೆಗೂದಲಿನ ಬೆಳಕಿನ ಇಂಜಿನಿಯರು. ಫೋನನ್ನು ಕಿವಿಗಿಟ್ಟ ಕೂಡಲೇ ಪರದೆ ಆರಿಹೋಗುವಂತೆ ಮಾಡುವುದು ಅವನ ಕೆಲಸ, ಇಲ್ಲದಿದ್ದರೆ ಮಾತಾಡುವವರ ಕೆನ್ನೆಯೇ ಏನೇನನ್ನೋ ಒತ್ತಿಬಿಡುತ್ತದೆ. ಕಿವಿಗೆ ಕೇಳಿಸುವ ಸೀಳಿನ ಪಕ್ಕ ಒಂದು ಪುಟ್ಟ ದೀಪ ಕಣ್ಣಿಗೆ ಕಾಣದ ಬೆಳಕು ಚೆಲ್ಲುತ್ತದೆ, ಆ ಬೆಳಕು ಯಾವುದಕ್ಕಾದರೂ ತಾಗಿ ಹಿಂದಿರುಗಿದರೆ ಫೋನಿಗೆ ಕಿವಿ ಹತ್ತಿರ ಬಂತೆಂದು ತಿಳಿಯುತ್ತದೆ ಎಂದು ಅವನು ವಿವರಿಸಿದ. "ಒಂಬೈನೂರು ಸಲ ಇದೇ ಕೋಣೇಲಿ ಪರೀಕ್ಷೆ ಮಾಡಿದೀವಿ. ಒಂದು ಸಲಾನೂ ತಪ್ಪಿಲ್ಲ."

ಕೀಲಿಮಣೆಯವಳ ಬಳಿ ಒಂದು ಸಾಕ್ಷ್ಯವಿತ್ತು. ಫೋನಿಗೆ ಅರ್ಥವಾಗದ, ಬೆರಳಿನಂತಿಲ್ಲದ ಸ್ಪರ್ಶಗಳನ್ನು ಮಾತ್ರ ಆಕೆ ತಂತಿಯಿಲ್ಲದೆ ತನ್ನ ಕಂಪ್ಯೂಟರಿಗೆ ಕಳಿಸಿಕೊಂಡು ಜೋಪಾನ ಮಾಡುತ್ತಿದ್ದಳು. ಸರಿಯಾದ ಸ್ಪರ್ಶಗಳನ್ನು ಇಟ್ಟುಕೊಂಡು ಏನು ಕಲಿಯೋದು ಎನ್ನುವುದು ಆಕೆಯ ವಾದ. ನಿನ್ನೆ ಒಂದು ಮೂವತ್ತನಾಲ್ಕರಿಂದ ಮೂವತ್ತಾರರ ನಡುವೆ ಅಂಥವು ನಲವತ್ತೊಂದು ಬಂದಿದ್ದವು. ಅಚ್ಚು ಹಾಕಿದ ಹಾಳೆಯಲ್ಲಿ ಮೇಲುಗಡೆ ಸಣ್ಣ ಚುಕ್ಕಿಗಳು ಕೊಡಲಿ ಬಾಯಿಯಂತೆ ಬಾಗಿದ್ದವು, ಕೆಳಗಡೆ ದೊಡ್ಡ ದೊಡ್ಡ ಮಚ್ಚೆಗಳು. ಕೊನೆಯ ಎರಡು ಮಚ್ಚೆಗಳು ಬಲಮೂಲೆಯಲ್ಲಿದ್ದವು. "ಗಾಜು ಒರೆಸೋ ದೊಡ್ಡ ಅಂಗೈ," ಎಂದರು ಮಾಲೀಕರು. ಮೂಲೆಯಲ್ಲಿ ಏನಿತ್ತೆಂದು ಅತ್ತೆ ಕೇಳಿದಾಗ ಬೆಳಕಿನ ಇಂಜಿನಿಯರು ತಲೆ ತಗ್ಗಿಸಿದ. ಪರೀಕ್ಷೆಯ ಅನುಕೂಲಕ್ಕೆಂದು ಎಲ್ಲವನ್ನೂ ಅಳಿಸುವ ಗುಂಡಿಯ ಚಿತ್ರವೊಂದನ್ನು, ಮಾತಾಡುವಾಗ ಮೂಡುವ ಪರದೆಯ ಮೂಲೆಯಲ್ಲಿ ಅವನೇ ಇಟ್ಟಿದ್ದ. ಎರಡು ಸಲ ಒತ್ತಿದರೆ ಮುಗಿಯಿತು.

ಏಳನೆಯ ಫೋನನ್ನು ಸರಿಯಾಗಿ ನೋಡಲು ಅತ್ತೆ ಭೂತಗನ್ನಡಿ ಕೇಳಿದರು. ಅದು ಹೊರಗೆ ನನ್ನ ಚೀಲದಲ್ಲಿತ್ತು. ಟೋಪಿ ಕಿತ್ತು ಮೇಜಿನ ಮೇಲಿಟ್ಟು ಓಡಿದೆ, ಅಂಕಿ ಒತ್ತಿಸಿಕೊಂಡು ಹಾಗೆಯೇ ಬರಿದಲೆಯಲ್ಲಿ ಒಳಗೆ ಬಂದೆ. ಬೆಳಕಿನ ಇಂಜಿನಿಯರು ಟೋಪಿ ಹಾಕಿಕೊಳ್ಳಿ ಎಂದು ಗದರಿದ, ಹಾಕಿಕೊಂಡೆ. ಅತ್ತೆ ಮಾತ್ರ ಒಂದು ಕ್ಷಣ ನನ್ನ ತಲೆಯನ್ನೇ ನೋಡಿ, ಬಾಗಿಲ ಹೊರಗೆ ಹೋಗಿ, ಸಹಿಯ ಪುಸ್ತಕ ತಿರುವಿ ಬಂದರು. ಮುಖದಲ್ಲಿ ಏನೂ ಕಾಣಲಿಲ್ಲ.

ಭೂತಗನ್ನಡಿಯಲ್ಲಿ ನೋಡಿದಾಗ, ಕಿವಿಯ ಸೀಳಿನ ಜಾಲರಿಯಲ್ಲಿ ಏನೋ ಕಪ್ಪಗೆ ಜಿಡ್ಡಾಗಿ ಕೂತಿತ್ತು. ಗಾಜು ಉಜ್ಜುವ ಕೊಳೆ ಇರಬೇಕು ಎಂದಳು ಕೀಲಿಮಣೆಯವಳು. "ಛೆ, ಉಜ್ಜೋ ಪುಡಿ ಕೆಂಪು," ಎಂದೆ ನಾನು, ಸುಮ್ಮನೆ, ಕಸುಬಿನ ಜಂಬಕ್ಕೆ. ಅತ್ತೆ ನನ್ನ ಕಡೆ ತಿರುಗಿದರು. ಒಂಬತ್ತು ವರ್ಷಗಳಲ್ಲಿ ಅವರು ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿದ್ದು ಅದೇ ಮೊದಲು.

ಆಮೇಲೆ ಅವರು ಗಾಜಿನಕ್ಕನನ್ನು ಕಿಟಕಿಯ ಬಳಿ ಕರೆದು, ಆರನೆಯ ಫೋನನ್ನು ಕೊಟ್ಟು ಬೀಗ ತೆರೆಯಲು ಹೇಳಿದರು. ಆಕೆ ಹಿಂಜರಿದಳು, ಕಡೆಗೆ ತೋರುಬೆರಳನ್ನು ಪಟ್ಟಿಯ ಮೇಲೆ ಎಳೆದಳು. ಏನೂ ಆಗಲಿಲ್ಲ. ಇನ್ನೊಮ್ಮೆ ಎಳೆದಳು, ಬೆರಳು ಬದಲಿಸಿದಳು, ಪಟ್ಟಿ ಅಲುಗಲಿಲ್ಲ. ಇಪ್ಪತ್ತೆರಡು ವರ್ಷದ ಪುಡಿ, ನೀರು, ಗಾಜು ಸೇರಿ ಆ ಬೆರಳತುದಿಗಳು ಒಣಗಿ ಕೊಂಬಿನಂತೆ ಗಟ್ಟಿಯಾಗಿದ್ದವು. ಗಾಜಿಗೆ ಅವು ಬೆರಳೆಂದೇ ತಿಳಿಯುತ್ತಿರಲಿಲ್ಲ.

"ಎಂಟು ತಿಂಗಳಿಂದ ಹೀಗೇ," ಎಂದಳು ಗಾಜಿನಕ್ಕ ತಗ್ಗಿದ ದನಿಯಲ್ಲಿ. "ಇದು ಎಲ್ಲರ ಮಾತೂ ಕೇಳತ್ತೆ, ನನ್ನದೊಂದು ಬಿಟ್ಟು. ಗೊತ್ತಾದ್ರೆ ಕೈ ಕೆಟ್ಟಿದೆ ಅಂತ ಮನೆಗೆ ಕಳಿಸ್ತಾರೆ ಅಂತ ಪಕ್ಕದವಳ ಕೈಲಿ ಪರೀಕ್ಷೆ ಮಾಡಿಸ್ತಿದ್ದೆ."

ಆ ಗಾಜನ್ನು ಅಷ್ಟು ನುಣುಪು ಮಾಡಿದ ಕೈಯನ್ನೇ ಆ ಗಾಜು ಗುರುತಿಸದಿದ್ದರೆ ಅದಕ್ಕಿಂತ ಅನ್ಯಾಯ ಇನ್ನೇನಿದೆ? ಅತ್ತೆ ಆಕೆಯ ಕೈ ತಟ್ಟಿ, ಸ್ವಲ್ಪ ಕೆಂಪು ಪುಡಿ ತರಿಸಿದರು. ಬಳಿಕ ಏನೂ ಹೇಳದೆ ಕೇಳದೆ ಅದನ್ನು ನೀರಿನಲ್ಲಿ ಕಲಸಿ ನನ್ನ ಎಡಗೆನ್ನೆಗೂ ಕಿವಿಗೂ ಬಳಿದು, ಒಂದು ಬರಿಯ ಗಾಜಿನ ತುಂಡನ್ನು ಫೋನಿನಂತೆ ಒತ್ತಿಹಿಡಿದು, "ಮಾತಾಡಿ," ಎಂದರು. ಏನು ಮಾತಾಡಲಿ ಎಂದೆ. "ನಿಮ್ಮ ಹೆಂಡತಿ ಜೊತೆ ಮಾತಾಡೋ ಹಾಗೆ ಹೂಂ ಹೂಂ ಅನ್ನಿ ಸಾಕು." ಎರಡು ನಿಮಿಷ ಹೂಂಗುಟ್ಟಿದೆ. ಗಾಜನ್ನು ಬೆಳಕಿಗೆ ಹಿಡಿದು ನೋಡಿ, ಒರೆಸದೆ ಜೋಪಾನವಾಗಿ ಎತ್ತಿಟ್ಟರು. ನನಗೆ ಮುಖ ತೊಳೆಯಲು ಮಾತ್ರ ಬಿಡಲಿಲ್ಲ.

ನಾಲ್ಕು ಗಂಟೆಗೆ ಅತ್ತೆ ಎಲ್ಲರನ್ನೂ ಪರೀಕ್ಷಾ ಕೋಣೆಯಲ್ಲಿ ಕೂಡಿಸಿದರು. ಐವರೂ ಟೋಪಿ ಧರಿಸಿ ಮೇಜಿನ ಸುತ್ತ ನಿಂತರು. ಮಾಲೀಕರ ಕೈಯಲ್ಲಿ ಆ ಕಾಗದ ಆಗಲೇ ಮಡಿಸಿ ಸಿದ್ಧವಾಗಿತ್ತು. ನಾನು ಅರ್ಧ ಮುಖ ಕೆಂಪಾಗಿ, ಬಣ್ಣ ಬಳಿಯುತ್ತಾ ಅರ್ಧಕ್ಕೆ ಬಿಟ್ಟ ಗೋಡೆಯ ಹಾಗೆ ಮೂಲೆಯಲ್ಲಿದ್ದೆ.

"ಮೊದಲು ಅಕ್ಕನ ವಿಷಯ," ಎಂದು ಅತ್ತೆ ಶುರುಮಾಡಿದರು. ಗಾಜಿನಕ್ಕ ಎಲ್ಲರೆದುರು ಬೀಗದ ಪಟ್ಟಿಯನ್ನು ಎಳೆದು ತೋರಿಸಿದಳು. ಕೀಲಿಮಣೆಯವಳು ಕಂಪ್ಯೂಟರ್ ನೋಡಿ, ನಟನೆಯಲ್ಲ, ಆ ಬೆರಳಿನಿಂದ ಗಾಜಿಗೆ ಏನೂ ತಲುಪುತ್ತಿಲ್ಲ ಎಂದಳು.

ಮಾಲೀಕರು ಸುಲಭಕ್ಕೆ ಬಗ್ಗುವವರಲ್ಲ. "ಬೆರಳಿನ ಗೆಣ್ಣಲ್ಲಿ ತೆರೀಬಹುದಲ್ಲ?"

"ತೆರೀಬಹುದು. ಒಪ್ಕೊಂಡೆ. ಅದಕ್ಕೇ ಬೆರಳಿನ ವಿಷಯ ಅಲ್ಲಿಗೆ ಬಿಡೋಣ, ಈ ಹಾಳೆ ನೋಡೋಣ." ಅತ್ತೆ ನಲವತ್ತೊಂದು ಗುರುತಿನ ಹಾಳೆಯನ್ನು ಹರಡಿ, ಅದರ ಮೇಲೆ ನನ್ನ ಕೆಂಪು ಗಾಜನ್ನಿಟ್ಟರು. ಬಾಗಿದ ಚುಕ್ಕಿಗಳ ಮೇಲೆ ನನ್ನ ಕಿವಿಯ ಅಂಚು, ದೊಡ್ಡ ಮಚ್ಚೆಗಳ ಮೇಲೆ ನನ್ನ ಕೆನ್ನೆ, ಅಳೆದಿಟ್ಟ ಹಾಗೆ ಕೂತಿತು. "ಮೂವತ್ತೊಂದು ವರ್ಷ ಕಿವಿಗೆ ಫೋನ್ ಒತ್ಕೊಂಡೇ ಬದುಕಿದೋಳು ನಾನು. ಇದು ಅಂಗೈ ಅಲ್ಲ. ಯಾರೋ ಫೋನ್‌ನಲ್ಲಿ ಮಾತಾಡ್ತಿದ್ರು. ಹಾಳು ಮಾಡೋಕೆ ಬಂದವರಲ್ಲ ಅವರು. ಮಾತಾಡ್ತಾ ಮಾತಾಡ್ತಾ ಅವರ ಕೆನ್ನೆ ಅಳಿಸೋ ಗುಂಡೀನ ಎರಡು ಸಲ ಒತ್ತಿದೆ."

ಮೊದಲು ಬಾಯಿ ಬಿಟ್ಟವನು ಬೆಳಕಿನ ಇಂಜಿನಿಯರು. ಕಿವಿಗಿಟ್ಟರೆ ಪರದೆ ಆರಲೇಬೇಕು, ಒಂಬೈನೂರು ಸಲ ಆರಿದೆ ಎಂದು ಪಟ್ಟು ಹಿಡಿದ.

"ಒಂಬೈನೂರು ಸಲಾನೂ ತಲೆ ಮೇಲೆ ಏನಿತ್ತಪ್ಪಾ?" ಎಂದು ಅತ್ತೆ ಕೇಳಿದರು.

ಅವನು ಬಾಯಿ ತೆರೆದ. ಮೆಲ್ಲಗೆ ಕೈಯೆತ್ತಿ ತನ್ನ ಟೋಪಿಯನ್ನು ಮುಟ್ಟಿ ನೋಡಿಕೊಂಡ. ಆ ಮುಖವನ್ನು ನಾನು ಮರೆಯಲಾರೆ. ಬಿಳಿ ಬಟ್ಟೆಗೆ ತಾಗಿದ ಬೆಳಕು ಚೆನ್ನಾಗಿ ಹಿಂದಿರುಗುತ್ತದೆ, ಕಪ್ಪು ಬಣ್ಣ ಬೆಳಕನ್ನು ನುಂಗುತ್ತದೆ ಎನ್ನುವುದು ನನ್ನ ಅಂಗಡಿಗೆ ಬರುವ ಮಕ್ಕಳಿಗೂ ಗೊತ್ತು. ಎರಡು ವರ್ಷ ಈ ಜನ ಲೋಕಕ್ಕೆಲ್ಲ ಬೇಕಾದ ಫೋನನ್ನು ಬಿಳಿ ಟೋಪಿ ತೊಟ್ಟ ತಲೆಗಳ ಮೇಲೆ ಮಾತ್ರ ಪರೀಕ್ಷಿಸಿದ್ದರು. ಬೀದಿಯಲ್ಲಿ ಯಾರೂ ಅಂಥ ಟೋಪಿ ಹಾಕಿಕೊಂಡು ಫೋನ್ ಮಾಡುವುದಿಲ್ಲ ಎನ್ನುವುದು ಒಬ್ಬರಿಗೂ ಹೊಳೆದಿರಲಿಲ್ಲ.

"ಅಂದ್ರೆ ನಿನ್ನೆ ಮಾತಾಡಿದವರು ಟೋಪಿ ಹಾಕಿರಲಿಲ್ಲ," ಎಂದರು ಅತ್ತೆ. "ಪುಸ್ತಕದಲ್ಲಿ ಅವರ ಸಹಿ ಇಲ್ಲದೇ ಇರೋದೂ ಅದಕ್ಕೇ. ನೀವೆಲ್ಲ ಅದನ್ನ ಒಳಗೆ ಬಂದವರ ಪುಸ್ತಕ ಅಂದ್ಕೊಂಡಿದೀರಿ. ಅದು ಟೋಪಿ ತಗೊಂಡವರ ಪುಸ್ತಕ. ಇವತ್ತು ನಮ್ಮ ಅಳಿಯಂದಿರು ಎರಡನೇ ಸಲ ಬರಿದಲೆಯಲ್ಲಿ ಬಂದ್ರಲ್ಲ, ಆ ಸಲದ ಸಹಿ ಎಲ್ಲಿದೆ? ಹೋಗಿ ನೋಡಿ, ಇಲ್ಲ. ಟೋಪಿ ಇಲ್ಲ ಅಂದ್ರೆ ಪೆನ್ನಿನ ನೆನಪೂ ಇಲ್ಲ."

ಎಲ್ಲರೂ ಟೋಪಿ ತೆಗೆಯಬೇಕೆಂದು ಅತ್ತೆ ಹೇಳಿದರು. ಮಾಲೀಕರ ಬೋಳುತಲೆ ದೀಪದಡಿ ಹೊಳೆಯಿತು. ಇಂಜಿನಿಯರನ ಮೋಟು ಕೂದಲು, ಕೀಲಿಮಣೆಯವಳ ಎತ್ತಿಕಟ್ಟಿದ ಜಡೆ, ಗಾಜಿನಕ್ಕನ ಗಂಟು, ಎಲ್ಲರ ಕಿವಿಗಳೂ ಬಯಲಲ್ಲಿದ್ದವು. ಕೊನೆಗೆ ಭಾವಮೈದುನನೂ ಟೋಪಿ ತೆಗೆದ. ತೆಗೆದವನೇ ಎರಡೂ ಕೈಗಳಿಂದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಳ್ಳತೊಡಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆಯನ್ನು ನಾನು ಅಂದು ಕಣ್ಣಾರೆ ಕಂಡೆ.

"ಇರಲಿ ಬಿಡಿ, ಬೆಳಿಗ್ಗೆ ಬಾಚಿದ್ದ ಹಾಗೇ ಇರಲಿ. ಚೆನ್ನಾಗಿ ಕಾಣ್ತಿತ್ತು," ಎಂದರು ಅತ್ತೆ.

ಆರನೆಯ ಫೋನಿನಲ್ಲಿ ಒಬ್ಬೊಬ್ಬರಾಗಿ ಮಾತಾಡಬೇಕಿತ್ತು. ಪಕ್ಕದಲ್ಲಿ ಬಗ್ಗಿ ನಿಂತು ಪರದೆ ಆರುತ್ತದೆಯೋ ಇಲ್ಲವೋ ನೋಡುವ ಕೆಲಸ ನನ್ನದು. ಮಾಲೀಕರು ಕಿವಿಗಿಟ್ಟರು, ಪರದೆ ಆರಿತು. ಇಂಜಿನಿಯರಿಗೂ, ಕೀಲಿಮಣೆಯವಳಿಗೂ, ಗಾಜಿನಕ್ಕನಿಗೂ ಆರಿತು. ಭಾವಮೈದುನ ಫೋನನ್ನು ಕೂದಲಿನ ಮೇಲಿಟ್ಟ. ಪರದೆ ಬೆಳಗುತ್ತಲೇ ಇತ್ತು. ಕಂಪ್ಯೂಟರಿನಲ್ಲಿ ಒಂದು ಮಚ್ಚೆ ಮೂಡಿತು, ಮತ್ತೊಂದು, ಮತ್ತೊಂದು, ಮೇಲುಗಡೆ ಬಾಗಿದ ಚುಕ್ಕಿಗಳ ಸಾಲು. ಅವನು ಫೋನನ್ನು ಕೆಳಗಿಟ್ಟಾಗ ಕಿವಿಯ ಸೀಳಿನಲ್ಲಿ ಕಪ್ಪು ಜಿಡ್ಡು ಕೂತಿತ್ತು. ನಾನು ಭೂತಗನ್ನಡಿ ಹಿಡಿದು, ಏಳನೆಯದರಲ್ಲಿ ಇರುವುದೂ ಇದೇ ಎಂದೆ. ನನ್ನ ದನಿ ಬೇಕಾದದ್ದಕ್ಕಿಂತ ದೊಡ್ಡದಾಗಿಯೇ ಬಂತು. ಸಂಕೋಚವೇನೂ ಆಗಲಿಲ್ಲ.

"ಉಜ್ಜೋ ಪುಡಿ ಕೆಂಪು, ಕೂದಲ ಬಣ್ಣ ಕಪ್ಪು," ಎಂದರು ಅತ್ತೆ. "ಹಚ್ಚಿ ಎರಡು ದಿನ ಆಗಿರಬೇಕು, ಇನ್ನೂ ಬಿಡ್ತಿದೆ. ಯಾವ ನಂಬರಿಗೆ ಮಾಡಿದ್ರು ಅಂತ ಫೋನ್ ಕಂಪನಿಗೆ ಬರೆದ್ರೆ ಎಂಟು ದಿನದಲ್ಲಿ ಉತ್ತರ ಬರತ್ತೆ. ಆದ್ರೆ ಈ ಅಕ್ಕನಿಗೆ ಇರೋದು ಐದು ಗಂಟೆವರೆಗೆ. ಅದಕ್ಕೇ ನೀವೇ ಹೇಳ್ಬಿಡಿ."

ಅವನು ಭಾವನ ಮುಖ ನೋಡಿದ, ಆಮೇಲೆ ನೆಲ ನೋಡಿದ. ಗುಂಡಿಯ ಫೋನ್ ತಯಾರಿಸುವ ಕಂಪನಿಯಲ್ಲಿ ಅವನ ಸಹಪಾಠಿಯೊಬ್ಬನಿದ್ದನಂತೆ. ನಿಮ್ಮ ಫೋನಿನಲ್ಲಿ ಏನನ್ನು ಒತ್ತುವುದು, ನಿಮ್ಮ ತಲೆಯನ್ನಾ ಎಂದು ಸಿಕ್ಕಾಗಲೆಲ್ಲ ನಗುತ್ತಿದ್ದನಂತೆ. ಈ ಹೊಸ ಫೋನಿನಿಂದಲೇ ಅವನಿಗೆ ಫೋನ್ ಮಾಡಿ, ಕೇಳು, ಗುಂಡಿಯಿಲ್ಲದ ಫೋನಿನಿಂದಲೇ ಮಾತಾಡುತ್ತಿದ್ದೇನೆ ಎನ್ನಬೇಕೆನಿಸಿತು. ಟೋಪಿ ಹಾಕಿದರೆ ಹೊಸದಾಗಿ ಬಾಚಿದ ಕೂದಲು ಕೆಡುತ್ತಿತ್ತು. ಎರಡು ನಿಮಿಷದಲ್ಲಿ ಫೋನ್ ತಾನಾಗಿ ಸತ್ತುಹೋಯಿತು, ಹೆದರಿ ಇಟ್ಟು ಬಂದೆ ಎಂದ.

"ಹೆದರಿದ್ದು ತಪ್ಪಲ್ಲ," ಎಂದರು ಅತ್ತೆ. "ಬೆಳಿಗ್ಗೆ ನನ್ನ ಹತ್ರ ಬಂದು ಪಾಪ, ಸಿಟ್ಟಲ್ಲಿ ಮಾಡ್ಬಿಟ್ರು ಅಂದ್ರಲ್ಲ, ಅದು ತಪ್ಪು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದನ್ನು ಎಲ್ಲರೂ ನೋಡಿದ್ದರು, ಎತ್ತು ಈಗ ಕಣ್ಣೆದುರೇ ನಿಂತಿತ್ತು. ಬೆಳಕಿನ ಇಂಜಿನಿಯರಿಗೆ ಅದರ ಕಡೆ ಗಮನವೂ ಇರಲಿಲ್ಲ. ಅವನು ಆಗಲೇ ಟೋಪಿಯನ್ನು ಬುಟ್ಟಿಗೆ ಎಸೆದು, ದೀಪದ ಬೆಳಕು ಎಷ್ಟು ಹೆಚ್ಚಿಸಬೇಕೆಂದು ಹಾಳೆಯ ಹಿಂಬದಿಯಲ್ಲಿ ಗೀಚುತ್ತಿದ್ದ. ಅಂಗಡಿಗೆ ಹೋದ ಮೇಲೆ ಇದು ಗೊತ್ತಾಗಿದ್ದರೆ ಕಾರ್ಖಾನೆಯೇ ಮುಳುಗುತ್ತಿತ್ತು ಎಂದು ಗೀಚುತ್ತಲೇ ಹೇಳಿದ. ಕೀಲಿಮಣೆಯವಳು ಗಾಜಿನಕ್ಕನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು, ಇಂಥ ಬೆರಳುಗಳು ಲೋಕದಲ್ಲಿ ಎಷ್ಟಿರಬಹುದು ಅಕ್ಕ, ನಾಳೆಯಿಂದ ನೀವೇ ನನ್ನ ಮೊದಲ ಪರೀಕ್ಷೆ ಎಂದಳು. ನನಗೆ ಎದೆ ಉಬ್ಬಿತು. ಅತ್ತೆ ಒಬ್ಬ ಹೆಂಗಸಿನ ಹೆಸರು ಉಳಿಸಲು ಬಂದವರು, ಜೊತೆಗೆ ಒಂದು ಇಡೀ ಫೋನನ್ನೂ ಉಳಿಸಿದ್ದರು.

ಮಾಲೀಕರು ಕೈಯಲ್ಲಿದ್ದ ಕಾಗದವನ್ನು ನಾಲ್ಕು ಚೂರು ಮಾಡಿದರು. ಗಾಜು ಗಾಜೇ ಇರುತ್ತದೆ, ಪ್ಲಾಸ್ಟಿಕ್ಕಿನ ಮಾತು ಇನ್ನು ಬೇಡ, ವ್ಯಾಪಾರಿಗಳು ಇನ್ನೂ ಹದಿನೈದು ದಿನ ಕಾಯಲಿ ಎಂದರು. ಆಮೇಲೆ ಗಾಜಿನಕ್ಕನಿಗೆ, "ಆಗಿದ್ದು ಆಗೋಯ್ತು. ಮನಸಲ್ಲಿ ಇಟ್ಕೋಬೇಡ. ನಾಳೆ ಎಂದಿನ ಹಾಗೆ ಬಂದ್ಬಿಡು," ಎಂದರು.

ಗಾಜಿನಕ್ಕ ಕದಲಲಿಲ್ಲ. "ನಿನ್ನೆ ನೀವು ನನ್ನ ಹೆಸರು ಹೇಳಿದ್ದು ಈ ಕೋಣೇಲಿ ಅಲ್ಲ ಸಾರ್," ಎಂದಳು.

ಮಾಲೀಕರು ಅತ್ತೆಯ ಕಡೆ ನೋಡಿದರು. ಅತ್ತೆ ಕಿಟಕಿಯಾಚೆ ಏನನ್ನೋ ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮಾಲೀಕರು ಓಣಿಗಿಳಿದು ಮುಂದೆ ನಡೆದರು, ಗಾಜಿನಕ್ಕ ಹಿಂದೆ, ನಾವೆಲ್ಲ ಅವಳ ಹಿಂದೆ.

ಯಂತ್ರಗಳನ್ನು ನಿಲ್ಲಿಸಿದರು. ನಲವತ್ತು ಜನ ತಲೆಯೆತ್ತಿದರು. ಗಾಜಿನಕ್ಕ ನಿನ್ನೆ ಎಲ್ಲಿ ನಿಂತಿದ್ದಳೋ ಅಲ್ಲಿಯೇ ಹೋಗಿ ನಿಂತಳು. ಮಾಲೀಕರು ಗಂಟಲು ಸರಿಮಾಡಿಕೊಂಡು, ಫೋನನ್ನು ಹಾಳುಮಾಡಿದ್ದು ಈಕೆಯಲ್ಲ, ನಮ್ಮ ಮನೆಯವನೇ, ವಿಚಾರಿಸದೆ ಹೆಸರಿಟ್ಟದ್ದು ನನ್ನ ತಪ್ಪು, ನನ್ನನ್ನು ಕ್ಷಮಿಸಬೇಕು ಎಂದರು. ದನಿ ಸಣ್ಣಗಿತ್ತು. ಕೊನೆಯ ಸಾಲಿನಿಂದ ಯಾರೋ, ಇಲ್ಲಿಗೆ ಕೇಳಿಸಲಿಲ್ಲ ಎಂದರು.

ಮಾಲೀಕರು ಅಲ್ಲಿದ್ದ ಒಂದು ಮರದ ಪೆಟ್ಟಿಗೆಯನ್ನು ಎಳೆದುಕೊಂಡು, ಅದರ ಮೇಲೆ ಹತ್ತಿ ನಿಂತು, ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ಹೇಳಿದರು.